ಹೊಟ್ಟಿ ಬ್ಯಾನಿ ಐತ್ವಾರ ಯಾಕ ಬರಂಗಿಲ್ಲ?

ಮಕ್ಕಳ ಮನಸ್ಸಿನ ತೊಂದರೆ ಕುರಿತು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಮಾತು ಅವರದೇ.

ಪ್ರಶ್ನೆ: ಸಾಹೇಬ್ರ, ನನ್ನ ಮೊಮ್ಮಗ ಮೂರನೇತ್ತ ಓದ್ತಾನ. ಮಗ, ಸೊಸಿ ದೀಪಾವಳಿ ಆದಮ್ಯಾಲ ಪುಣೆಗಿ ದುಡಿಲಾಕ ಹೋಗ್ಯಾರ. ಅವಾಗಿಂದ ಮುಂಜಾನಿ ಎದ್ದ ಕೂಡ್ಲೇ ಹೊಟ್ಟಿ ಬ್ಯಾನಿ ಅಂತಾನ, ಸಾಲಿಗಿ ಹೋಗಲ್ಲ ಅಂತ ಕಂಬ ಹಿಡ್ಕೊಂಡು ಕೂಡ್ತಾನ. ದವಾಖಾನ್ಯಾಗ ತೋರ್ಸೀವಿ, ಸ್ಕ್ಯಾನಿಂಗ್ ಮಾಡ್ಸೀವಿ, ಏನೂ ಇಲ್ಲ ಅಂದ್ರು. ಐತ್ವಾರ ಮಾತ್ರ ಛಂದ ಆಡ್ತಾನ. ನಾಟಕ ಮಾಡ್ತಾನ ಅಂತ ಅವನ ಮುತ್ಯಾ ಹೊಡೀತಾರ. — ಒಬ್ಬ ಅಜ್ಜಿ, ಆಳಂದ ತಾಲ್ಲೂಕು

ಆಯಿ, ಮೊದಲು ಹೊಡೆಯುವುದು ನಿಲ್ಲಲಿ. ಇದು ನಾಟಕವಲ್ಲ. ಹೊಟ್ಟೆ ನಿಜವಾಗಿಯೂ ನೋಯುತ್ತದೆ, ಆದರೆ ನೋವಿನ ಮೂಲ ಹೊಟ್ಟೆಯಲ್ಲಿಲ್ಲ. ಹೆದರಿದಾಗ ದೊಡ್ಡವರಿಗೂ ಹೊಟ್ಟೆ ತೊಳಸುತ್ತದೆ, ಕೈ ಬೆವರುತ್ತದೆ. ಎಂಟು ವರ್ಷದ ಹುಡುಗನಿಗೆ ‘ನನಗೆ ಅವ್ವ ಬೇಕು, ನೀವೂ ಬಿಟ್ಟು ಹೋದೀರಿ ಅಂತ ಭಯ’ ಎಂದು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಐತ್ವಾರ ನೋವಿರುವುದಿಲ್ಲ ಎಂಬುದನ್ನು ನೀವೇ ಗಮನಿಸಿದ್ದೀರಿ. ಆ ಒಂದು ಮಾತು ನನಗೆ ಸ್ಕ್ಯಾನಿಂಗ್‌ಗಿಂತ ಹೆಚ್ಚು ತಿಳಿಸಿತು. ಇದಕ್ಕೆ ನಾವು ಅಗಲಿಕೆಯ ಆತಂಕ ಎನ್ನುತ್ತೇವೆ.

ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನದ ಸಾಲಿಯನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಹಾಗಂತ ಎಳೆದೊಯ್ದು ಕೂಡಿಸುವುದೂ ಬೇಡ. ಗುರುಗಳಿಗೆ ವಿಷಯ ಹೇಳಿ, ಮೊದಲ ಕೆಲವು ದಿನ ಬಿಸಿಯೂಟದವರೆಗೆ ಮಾತ್ರ ಕೂರಲು ಬಿಡಿ. ಆಮೇಲೆ ಹೊತ್ತು ಹೆಚ್ಚಿಸುತ್ತ ಹೋಗಿ. ಹೋಗದ ದಿನ ಟಿ.ವಿ., ಮೊಬೈಲ್ ಬೇಡ. ಅವ್ವನ ಫೋನು ದಿನಾ ಸಂಜೆ ಒಂದೇ ಹೊತ್ತಿಗೆ ಬರಲಿ, ಮುಂಜಾನೆ ಬೇಡ. ಸಮಾಧಾನಕ್ಕಂತ ‘ನಾಳೆ ಬರ್ತಾರ’ ಅನ್ನಬೇಡಿ, ಖರೇ ದಿನ ಗೊತ್ತಿದ್ದರೆ ಅದನ್ನೇ ಹೇಳಿ. ಮಗ, ಸೊಸೆ ಹಬ್ಬಕ್ಕೆ ಬಂದರೆ ಹುಡುಗ ಮಲಗಿದಾಗ ಕದ್ದು ಬಸ್ ಹತ್ತುವುದು ನಮ್ಮಲ್ಲಿ ರೂಢಿ. ಎದ್ದ ಮಗು ಆಮೇಲೆ ಯಾರನ್ನೂ ನಂಬುವುದಿಲ್ಲ. ಅತ್ತರೆ ಅಳಲಿ, ಹೇಳಿಯೇ ಹೋಗಲಿ.

ಸಾಲಿಯಲ್ಲಿ ಯಾರಾದರೂ ಹೊಡೆಯುತ್ತಾರಾ, ಗೇಲಿ ಮಾಡುತ್ತಾರಾ ಎಂಬುದನ್ನೂ ಕೇಳಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ ಇದ್ದರೆ ಮಾತ್ರ ಮತ್ತೆ ಮಕ್ಕಳ ವೈದ್ಯರಲ್ಲಿ ಹೋಗಿ. ಇವು ಯಾವುವೂ ಇಲ್ಲದೆ ಎರಡು ವಾರವಾದರೂ ಸಾಲಿಗೆ ಹೋಗದಿದ್ದರೆ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗಳು ಒಂಬತ್ತನೇತ್ತ ಅದಾಳ. ಎರಡು ತಿಂಗಳಿಂದ ಒಮ್ಮೊಮ್ಮೆ ಬಿದ್ದು ಕೈಕಾಲು ಬಡೀತಾಳ, ಹಲ್ಲು ಕಚ್ಚತಾಳ, ಬ್ಯಾರೆ ಧ್ವನಿಲೆ ಮಾತಾಡ್ತಾಳ. ಗಾಳಿ ಸೋಕ್ಯಾದ, ಐದು ಹುಣ್ಣಿವಿ ಗಾಣಗಾಪುರಕ್ಕ ನಡೀರಿ ಅಂತ ಮಂದಿ ಹೇಳ್ತಾರ. ಸಾಲಿ ಬಿಡಿಸೀವಿ. ಲಗ್ನ ಮಾಡಿದ್ರ ಸರಿ ಹೋಗ್ತದ ಅಂತ ಅಣ್ಣನ ಮಾತು. ಏನು ಮಾಡ್ಲಿ? — ಒಬ್ಬ ತಂದೆ, ಅಫಜಲಪುರ ತಾಲ್ಲೂಕು

ಗಾಣಗಾಪುರ ನಿಮ್ಮದೇ ತಾಲ್ಲೂಕಿನ ಕ್ಷೇತ್ರ. ಭೀಮಾ–ಅಮರ್ಜಾ ಸಂಗಮದ ಆ ದತ್ತನ ಸನ್ನಿಧಿಗೆ ಇಂಥ ತೊಂದರೆ ಇರುವವರನ್ನು ಮಹಾರಾಷ್ಟ್ರದಿಂದಲೂ ಕರೆತರುತ್ತಾರೆ. ನಿಮ್ಮ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ, ದರ್ಶನ ಮಾಡಿಸಿ. ಆದರೆ ಐದು ಹುಣ್ಣಿಮೆ ಕಾಯುವಷ್ಟು ವ್ಯವಧಾನ ಈ ಕಾಯಿಲೆಗಿಲ್ಲ. ಕಟ್ಟುವುದು, ಉಪವಾಸ ಕೆಡವುವುದು, ಮೆಣಸಿನಕಾಯಿ ಹೊಗೆ ಹಾಕುವುದು ಬೇಡವೇ ಬೇಡ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಲ್ಲಿ ಹಿಂಸೆ ಕೊಡುವುದು ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅಪರಾಧ.

ಮೊದಲು ಗೊತ್ತಾಗಬೇಕಾದದ್ದು ಇದು ಮೂರ್ಛೆರೋಗವೋ ಅಲ್ಲವೋ ಎಂಬುದು. ಮುಂದಿನ ಸಲ ಬಿದ್ದಾಗ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ನಾಲಿಗೆ ಕಚ್ಚಿಕೊಂಡಳೋ, ಬಟ್ಟೆಯಲ್ಲಿ ಮೂತ್ರ ಹೋಯಿತೋ, ನಿದ್ದೆಯಲ್ಲೂ ಬರುತ್ತದೋ, ಎಷ್ಟು ನಿಮಿಷ ಇತ್ತು ಎಂದು ಬರೆದಿಡಿ. ಆ ವಿಡಿಯೊ ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಬಿದ್ದಾಗ ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಕಲ್ಲು, ಪಾತ್ರೆ ಸರಿಸಿ. ಬಾಯಲ್ಲಿ ಏನನ್ನೂ ತುರುಕಬೇಡಿ. ಉಳ್ಳಾಗಡ್ಡಿ, ಚಪ್ಪಲಿ, ಕೀಲಿಕೈ ಯಾವುದೂ ಉಪಯೋಗವಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಬೇರೆ ಧ್ವನಿಯಲ್ಲಿ ಮಾತಾಡುತ್ತಾಳೆ ಅಂದಿದ್ದೀರಿ. ಮೂರ್ಛೆರೋಗವಲ್ಲ ಎಂದು ತಪಾಸಣೆಯಲ್ಲಿ ಖಾತ್ರಿಯಾದರೆ, ಮನಸ್ಸು ತಾಳಲಾರದ ಒತ್ತಡ ಮೈಯಲ್ಲಿ ಹೀಗೆ ಹೊರಬರುತ್ತಿರಬಹುದು. ಆಕೆ ಬೇಕಂತ ಮಾಡುತ್ತಿಲ್ಲ. ಆಗ ಓಣಿಯ ಮಂದಿಯೆಲ್ಲ ಸುತ್ತ ನಿಂತು ನೋಡಿದಷ್ಟೂ ಅದು ಹೆಚ್ಚಾಗುತ್ತದೆ. ಎಲ್ಲರನ್ನೂ ಕಳಿಸಿ, ಒಬ್ಬರು ಪಕ್ಕದಲ್ಲಿ ಸುಮ್ಮನೆ ಕೂಡಿ.

ಎರಡು ತಿಂಗಳ ಹಿಂದೆ ಮನೆಯಲ್ಲಿ ಏನಾಯಿತು? ಲಗ್ನದ ಮಾತು ಬಂದದ್ದು ಫಿಟ್ಸಿನ ಮೊದಲೋ, ಆಮೇಲೋ? ಪತ್ರದಲ್ಲಿ ನನಗೆ ಬಹಳ ಕಾಡಿದ್ದು ಇದೇ. ಆಕೆ ಮನಸ್ಸು ಬಿಚ್ಚುವ ಕಾಕಿಯೋ ಚಿಗವ್ವನೋ ಇದ್ದರೆ ಒಂಟಿಯಾಗಿ ಕೇಳಲಿ: ದಾರಿಯಲ್ಲಿ ಯಾರಾದರೂ ಕಾಡುತ್ತಾರಾ, ಮನೆಯಲ್ಲೇ ಯಾರದಾದರೂ ಭಯವಾ, ಲಗ್ನದ ಭಯವಾ? ಮದುವೆ ಯಾವ ಕಾಯಿಲೆಗೂ ಔಷಧವಲ್ಲ. 18 ತುಂಬದ ಹುಡುಗಿಗೆ ಅದು ಕಾನೂನುಬಾಹಿರವೂ ಹೌದು. ಅಣ್ಣನವರು ಹಟ ಹಿಡಿದರೆ 1098 ಮಕ್ಕಳ ಸಹಾಯವಾಣಿ ಇದೆ. ಸಾಲಿ ಬಿಡಿಸಿದ್ದು ಮಾತ್ರ ತಪ್ಪು. ಗೆಳತಿಯರು, ಪುಸ್ತಕ, ಮನೆಯಿಂದ ಹೊರಹೋಗುವ ದಾರಿ ಎಲ್ಲವೂ ಒಂದೇ ಸಲಕ್ಕೆ ಹೋದವು. ಚಿಕಿತ್ಸೆಯ ಜೊತೆಯಲ್ಲೇ ತರಗತಿಗೆ ಮರಳಲಿ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ನಲವತ್ತು ಮಕ್ಕಳ ತರಗತಿಯೆಂದರೆ ಸುಮಾರು ಮೂವರು. ನಿಮ್ಮ ಮಗಳೊಬ್ಬಳಿಗೇ ಬಂದ ಕೇಡಲ್ಲ ಇದು.

ಪ್ರಶ್ನೆ: ನಾಲ್ಕನೇ ತರಗತಿಯ ಹುಡುಗನೊಬ್ಬ ಐದು ನಿಮಿಷ ಕೂಡುವುದಿಲ್ಲ, ಬೋರ್ಡ್ ಮೇಲಿನದನ್ನು ಅರ್ಧ ಬರೆದು ಎದ್ದು ಹೋಗುತ್ತಾನೆ. ಬಾಯಿಲೆಕ್ಕ ಮಾತ್ರ ಎಲ್ಲರಿಗಿಂತ ಮುಂದೆ. ದಡ್ಡನೋ, ಹಟಮಾರಿಯೋ ತಿಳಿಯದು. — ಶಿಕ್ಷಕರು, ಜೇವರ್ಗಿ ತಾಲ್ಲೂಕು

ಎರಡೂ ಅಲ್ಲದಿರಬಹುದು, ಗುರುಗಳೇ. ಬಾಯಿಲೆಕ್ಕ ಬರುವ ಹುಡುಗ ದಡ್ಡನಾಗುವುದು ಹೇಗೆ? ಮೊದಲು ಕಣ್ಣು, ಕಿವಿ ನೋಡಿಸಿ. ಶಾಲಾ ತಪಾಸಣೆಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಮುಂದೆ ಈ ಹುಡುಗನ ಹೆಸರನ್ನು ನೀವೇ ಎತ್ತಿ ಹೇಳಿ. ಅವೆರಡೂ ಸರಿ ಇದ್ದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆ, ಇಲ್ಲವೇ ಕಲಿಕಾ ನ್ಯೂನತೆ, ಅಥವಾ ಎರಡೂ ಕೂಡಿ ಇರಬಹುದು. ಮನೆಯಲ್ಲೂ ಹೀಗೇ ಇದ್ದಾನೆಯೇ ಎಂದು ಪಾಲಕರನ್ನು ಕೇಳಿ. ಸಾಲಿಯಲ್ಲಿ ಮಾತ್ರವಾದರೆ ಕಾರಣ ಸಾಲಿಯಲ್ಲೇ ಹುಡುಕಬೇಕು.

ರೋಗದ ಹೆಸರು ಗೊತ್ತಾಗುವವರೆಗೆ ಕಾಯಬೇಕಿಲ್ಲ. ಮುಂದಿನ ಸಾಲಿನಲ್ಲಿ ಕೂಡಿಸಿ, ಒಮ್ಮೆಗೆ ಎರಡೇ ಸಾಲು ಬರೆಯಲು ಕೊಡಿ, ನಡುವೆ ಸೀಮೆಸುಣ್ಣ ತರಲು ಕಳಿಸಿ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳಲ್ಲಿ ಒಂದೆಂದು ಗುರುತಿಸಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ‘ಹಟಮಾರಿ’ ಅನ್ನುವ ಪದವನ್ನು ಸ್ಟಾಫ್ ರೂಮಿನಲ್ಲೂ ಬಿಟ್ಟುಬಿಡಿ.

ಪ್ರಶ್ನೆ: ಪಿಯುಸಿ ಫೇಲಾದ ಮಗ ಗೆಳೆಯರ ಕೂಡ ಮಾತು ಬಿಟ್ಟಾನ, ಊಟ ಬಿಟ್ಟಾನ, ‘ನಾ ಇದ್ದು ಏನ್ ಮಾಡೋದದ’ ಅಂತಾನ. ಡಾಕ್ಟರು ಗುಳಿಗಿ ಬರದಾರ. ಒಮ್ಮೆ ಸುರು ಮಾಡಿದ್ರ ಬಿಡಲಾಕ ಬರಂಗಿಲ್ಲಂತ, ಖರೇ ಏನು? — ಒಬ್ಬ ತಾಯಿ, ಜೇವರ್ಗಿ

ಖರೇ ಅಲ್ಲ ತಾಯಿ. ಖಿನ್ನತೆಯ ಗುಳಿಗೆ ಚಟ ಹಿಡಿಸುವುದಿಲ್ಲ. ಕೆಲಸ ಕಾಣಲು ಕೆಲವು ವಾರ ಬೇಕು, ನಡುವೆ ತಾನಾಗಿ ನಿಲ್ಲಿಸಬಾರದು ಅಷ್ಟೇ. ಗುಳಿಗೆ ನಿಮ್ಮ ಕೈಯಲ್ಲಿರಲಿ, ದಿನದ್ದು ದಿನ ಕೊಡಿ.

ಅದಕ್ಕಿಂತ ಮೊದಲಿನ ಕೆಲಸವೊಂದಿದೆ. ತೊಗರಿಗೆ, ಹತ್ತಿಗೆ ಹೊಡೆಯಲು ತಂದ ಎಣ್ಣಿ ಡಬ್ಬಿ ಮನೆಯ ಮೂಲೆಯಲ್ಲಿದ್ದರೆ ಈ ಪತ್ರಿಕೆ ಕೆಳಗಿಟ್ಟು ಎದ್ದು ಹೋಗಿ ಬೀಗ ಹಾಕಿ. ‘ಸಾಯಬೇಕು ಅನಿಸ್ತದೇನಪ್ಪ’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದೆಂದರೆ ಒಬ್ಬನೇ ಇರಲು ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. 14416 ಟೆಲಿ ಮಾನಸ್ ಸಂಖ್ಯೆ ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲರಿಗೂ ಒಂದು ಮಾತು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆಗೆ ವ್ಯವಸ್ಥೆ ಇದೆ, ಹೊರಡುವ ಮೊದಲು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಹೆಚ್ಚಿನದಕ್ಕೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಬರುವಾಗ ಮಗುವಿನ ಒಂದು ವಾರದ ದಿನಚರಿ ಬರೆದು ತನ್ನಿ: ಎಷ್ಟೊತ್ತಿಗೆ ಮಲಗಿತು, ಎಷ್ಟು ಉಂಡಿತು, ಸಾಲಿಗೆ ಹೋಯಿತೋ ಇಲ್ಲವೋ, ಯಾರ ಕೂಡ ಆಡಿತು. ಹಳೆಯ ರಿಪೋರ್ಟಿನ ಚೀಲಕ್ಕಿಂತ ಆ ಒಂದು ಹಾಳೆ ನಮಗೆ ಹೆಚ್ಚು ಬೇಕು.