ನೆಲದ ಬಿಸಿ ಉಳಿಸಿ, ಹೂಗಿಡ ಉಳಿಸಿ



ಮಾಗಿ ಚಳಿ ಬಂತು ಅಂದ್ರೆ ನೀಲಗಿರಿಯಲ್ಲಿ ಬೆಳಗಿನ ಹುಲ್ಲು ಬೆಳ್ಳಗಾಗುತ್ತದೆ. ಯಾರೋ ಉಪ್ಪು ಚೆಲ್ಲಿದ ಹಾಗೆ ಕಾಣುತ್ತದೆ. ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ತಮಿಳಿನಲ್ಲಿ ಇದನ್ನು ಉರೈಪನಿ ಅಂತಾರೆ. ಈ ಪಾಠದಲ್ಲಿ ನಾವು 'ಹಿಮ' ಎಂದು ಕರೆಯೋಣ. ಹಿಮ ನೋಡೋಕೆ ಚೆಂದ. ಆದರೆ ಹೂಗಿಡ ಬೆಳೆಸಿದವರಿಗೆ ಅದು ನಷ್ಟ ತರುತ್ತದೆ. ಆ ನಷ್ಟ ತಡೆಯುವುದು ಹೇಗೆ? ಬನ್ನಿ, ಓದಿ ತಿಳಿಯೋಣ.

ಒಂದು ಮನೆಯ ಕತೆ

ಊಟಿ ಹತ್ತಿರದ ಒಂದು ಹಟ್ಟಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಆ ಮನೆಯ ಅಕ್ಕ ಟೀ ಎಲೆ ಕೀಳುವ ಕೆಲಸಕ್ಕೆ ಹೋಗುತ್ತಾಳೆ. ಮನೆ ಮುಂದೆ 40 ಹೂಕುಂಡ ಇಟ್ಟಿದ್ದಾಳೆ. ಜೆರೇನಿಯಂ, ಫ್ಯೂಷಿಯಾ ಎಲ್ಲಾ ಅವಳೇ ಕಡ್ಡಿ ನೆಟ್ಟು ಬೆಳೆಸಿದ್ದು. ಮೇ ತಿಂಗಳಲ್ಲಿ ಊಟಿಯಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಆಗ ಊರ ತುಂಬ ಪ್ರವಾಸಿಗಳು. ಕುಂಡ ಮಾರಿದ ದುಡ್ಡಿನಲ್ಲಿ ಮಕ್ಕಳ ಪುಸ್ತಕ, ಬಟ್ಟೆ ಆಗಬೇಕು.

ಜನವರಿಯ ಒಂದು ಸಂಜೆ. ಆಕಾಶದಲ್ಲಿ ಮೋಡ ಇರಲಿಲ್ಲ. ಗಾಳಿಯೂ ಇರಲಿಲ್ಲ. "ಮಳೆ ಇಲ್ಲ, ಗಾಳಿ ಇಲ್ಲ. ಗಿಡಕ್ಕೆ ಏನಾಗುತ್ತೆ?" ಎಂದುಕೊಂಡು ಅಕ್ಕ ಮಲಗಿದಳು.

ಬೆಳಗ್ಗೆ ಎದ್ದು ನೋಡಿದರೆ ಎಲೆಗಳೆಲ್ಲ ಬೆಳ್ಳಗಿದ್ದವು. ಬಿಸಿಲು ಬಿದ್ದಿತು. ಒಂಬತ್ತು ಗಂಟೆ ಹೊತ್ತಿಗೆ ಎಲೆಗಳು ಕಪ್ಪಾಗಿ ಜೋತುಬಿದ್ದವು. ಬೇಯಿಸಿದ ಸೊಪ್ಪಿನ ಹಾಗೆ ಆದವು. ಅಕ್ಕನಿಗೆ ಅಳು ಬಂತು. ಒಂದೊಂದೇ ಗಿಡ ಕಿತ್ತು ಎಸೆಯತೊಡಗಿದಳು.

ಪಕ್ಕದ ಮನೆಯ ಅಜ್ಜ ಹಿಂದೆ ತೋಟದಲ್ಲಿ ಮಾಲಿ ಆಗಿದ್ದವರು. ಅವರು ಓಡಿ ಬಂದರು.

"ಕೀಳಬೇಡ ಮಗಳೇ, ನಿಲ್ಲು!"

"ಎಲ್ಲಾ ಸುಟ್ಟು ಹೋಯ್ತಲ್ಲ ಅಜ್ಜ. ಇನ್ನೇನಿದೆ?"

"ಎಲೆ ಹೋಗಿದೆ. ಗಿಡ ಹೋಗಿದೆ ಅಂತ ಯಾರು ಹೇಳಿದ್ರು?"

ಅಜ್ಜ ಒಂದು ಗಿಡದ ಕಾಂಡವನ್ನು ಬುಡದ ಹತ್ತಿರ ಉಗುರಿನಿಂದ ಮೆಲ್ಲಗೆ ಕೆರೆದರು. ಸಿಪ್ಪೆಯ ಒಳಗೆ ಹಸಿರು ಕಂಡಿತು.

"ನೋಡು, ಜೀವ ಇದೆ. ಚಳಿ ಹೋಗೋ ತನಕ ಕತ್ತರಿ ಹಾಕಬೇಡ. ಕಾಯಿ."

ಅಷ್ಟರಲ್ಲಿ ಅಕ್ಕ 12 ಗಿಡ ಕಿತ್ತಾಗಿತ್ತು. ಉಳಿದ 28 ಗಿಡಗಳನ್ನು ಅವಳು ಸೂರಿನ ಕೆಳಗೆ ಇಟ್ಟು ಕಾದಳು. ಮಾರ್ಚ್ ತಿಂಗಳಲ್ಲಿ 19 ಗಿಡ ಬುಡದಿಂದ ಚಿಗುರಿದವು. ಕಿತ್ತು ಎಸೆದ 12ರಲ್ಲಿ ಎಷ್ಟು ಚಿಗುರುತ್ತಿದ್ದವೋ? ಇನ್ನು ತಿಳಿಯುವ ದಾರಿ ಇಲ್ಲ.

ಹಿಮ ಹೇಗೆ ಬೀಳುತ್ತದೆ?

'ಹಿಮ ಬೀಳುತ್ತದೆ' ಅಂತ ಹೇಳುತ್ತೇವೆ. ನಿಜವಾಗಿ ಅದು ಮೇಲಿನಿಂದ ಬೀಳುವುದಿಲ್ಲ. ಎಲೆಯ ಮೇಲೆಯೇ ಹುಟ್ಟುತ್ತದೆ.

ಹಗಲು ಬಿಸಿಲಿಗೆ ನೆಲ ಕಾಯುತ್ತದೆ. ರಾತ್ರಿ ಆ ಬಿಸಿ ಮೇಲಕ್ಕೆ ಹೋಗುತ್ತದೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ. ಬಿಸಿ ಬೇಗ ಹೋಗುವುದಿಲ್ಲ. ಮೋಡ ಇಲ್ಲದಿದ್ದರೆ ಮುಚ್ಚಳ ತೆಗೆದ ಗಂಜಿ ಪಾತ್ರೆಯ ಹಾಗೆ. ನೆಲವೂ ಎಲೆಯೂ ಬೇಗ ತಣ್ಣಗಾಗುತ್ತವೆ. ಎಲೆ 0 ಡಿಗ್ರಿಗಿಂತ ತಣ್ಣಗಾದರೆ ಗಾಳಿಯಲ್ಲಿರುವ ತೇವ ಅದರ ಮೇಲೆ ಮಂಜುಗಡ್ಡೆಯ ಪುಡಿಯಾಗಿ ಕೂರುತ್ತದೆ. ಎಲೆಯ ಒಳಗಿನ ನೀರೂ ಹೆಪ್ಪುಗಟ್ಟಿದರೆ ಎಲೆ ಸಾಯುತ್ತದೆ.

ಒಂದು ಮಾತು ನೆನಪಿಡಿ. ರೇಡಿಯೋದಲ್ಲಿ ಊಟಿಗೆ 3 ಡಿಗ್ರಿ ಅಂದರೂ ನಿಮ್ಮ ಹಿತ್ತಲಲ್ಲಿ ಹಿಮ ಇರಬಹುದು. ಏಕೆಂದರೆ ಅಳೆಯುವುದು ನೆಲದಿಂದ ಮೇಲಿನ ಗಾಳಿಯನ್ನು. ನೆಲದ ಹತ್ತಿರದ ಎಲೆ ಅದಕ್ಕಿಂತ ತಣ್ಣಗಿರುತ್ತದೆ.

ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಅದಕ್ಕೇ ಊಟಿಯ ಹಳೆ ಕುದುರೆ ರೇಸಿನ ಮೈದಾನ, ತಲೈಕುಂದಾದಂಥ ತಗ್ಗು ಜಾಗಗಳಲ್ಲಿ ಹಿಮ ಹೆಚ್ಚು. ಅಲ್ಲೇ ಪಕ್ಕದ ಇಳಿಜಾರಿನಲ್ಲಿ ಕಡಿಮೆ.

ಯಾವ ಗಿಡಕ್ಕೆ ಭಯ?

ನಮ್ಮ ಅಂಗಳದ ಎಷ್ಟೋ ಹೂಗಿಡ ಈ ಬೆಟ್ಟದಲ್ಲಿ ಹುಟ್ಟಿದವಲ್ಲ. ಜೆರೇನಿಯಂ ದಕ್ಷಿಣ ಆಫ್ರಿಕಾದ್ದು. ಡೇಲಿಯಾ ಮೆಕ್ಸಿಕೋ ದೇಶದ್ದು. ಫ್ಯೂಷಿಯಾ ಹೆಚ್ಚಾಗಿ ದಕ್ಷಿಣ ಅಮೆರಿಕದ್ದು. ಬಿಗೋನಿಯಾ ತೇವ ಇರುವ ಬೆಚ್ಚಗಿನ ಕಾಡುಗಳದ್ದು. ಇವುಗಳ ಎಲೆ, ಕಾಂಡ ಮೆತ್ತಗೆ. ಒಳಗೆ ನೀರು ಹೆಚ್ಚು. ಇವಕ್ಕೆ ಹಿಮ ತಡೆಯುವ ಶಕ್ತಿ ಇಲ್ಲ.

ಪ್ಯಾನ್ಸಿ ಹೂವು, ಗುಲಾಬಿ ಗಿಡ ಸಣ್ಣ ಹಿಮವನ್ನು ತಡೆದುಕೊಳ್ಳುತ್ತವೆ. ಎಲ್ಲಾ ಗಿಡ ಮುಚ್ಚೋಕೆ ಬಟ್ಟೆ ಸಾಲದು ಅಂದ್ರೆ ಮೆತ್ತನೆ ಗಿಡಗಳನ್ನು ಮೊದಲು ಮುಚ್ಚಿ.

ಊಟಿಯ ಸರ್ಕಾರಿ ಸಸ್ಯೋದ್ಯಾನ 1848ರಲ್ಲಿ ಶುರುವಾಯಿತು. ಮೆಕ್‌ಐವರ್ ಎಂಬ ತೋಟಗಾರರು ಅದನ್ನು ರೂಪಿಸಿದರು. ಬೇರೆ ಬೇರೆ ದೇಶದ ಗಿಡಗಳು ಅಲ್ಲಿವೆ. ಚಳಿಗಾಲ ಬಂದರೆ ಅಲ್ಲಿನ ಕೆಲಸಗಾರರು ಮೆತ್ತನೆಯ ಗಿಡಗಳ ಮೇಲೆ ಸೊಪ್ಪಿನ ಕೊಂಬೆಗಳನ್ನು ಮುಚ್ಚುತ್ತಾರೆ. ನಾವೂ ಮನೆಯಲ್ಲಿ ಅದೇ ಕೆಲಸ ಮಾಡಬಹುದು. ಖರ್ಚು ಹೆಚ್ಚಿಲ್ಲ.

ಏನು ಮಾಡಬೇಕು?

ಮುಖ್ಯ ಮಾತು ಇದು: ನಾವು ಗಿಡಕ್ಕೆ ಬಿಸಿ ಕೊಡುವುದಲ್ಲ. ನೆಲದಲ್ಲಿರುವ ಬಿಸಿ ಓಡಿಹೋಗದ ಹಾಗೆ ಹಿಡಿಯುವುದು. ಇದು ತಿಳಿದರೆ ಉಳಿದದ್ದೆಲ್ಲ ಸುಲಭ.

1. ಸಂಜೆ ಆಕಾಶ ನೋಡಿ. ಮೋಡ ಇಲ್ಲ, ಗಾಳಿ ಇಲ್ಲ, ನಕ್ಷತ್ರ ಚೆನ್ನಾಗಿ ಹೊಳೆಯುತ್ತಿವೆ ಅಂದ್ರೆ ಹಿಮ ಬರಬಹುದು. ನವೆಂಬರಿನಿಂದ ಫೆಬ್ರವರಿವರೆಗೆ ದಿನವೂ ನೋಡಿ.

2. ಕುಂಡಗಳನ್ನು ಎತ್ತಿಡಿ. ಸೂರಿನ ಕೆಳಗೆ, ಜಗಲಿಯ ಮೇಲೆ, ಗೋಡೆಗೆ ತಾಗಿಸಿ ಇಡಿ. ಹಗಲು ಬಿಸಿಲು ಕುಡಿದ ಗೋಡೆ ರಾತ್ರಿ ಸ್ವಲ್ಪ ಬಿಸಿ ಕೊಡುತ್ತದೆ. ಹೀಗೆ ಒಳಗಿಟ್ಟ ಕುಂಡಕ್ಕೆ ನೀರು ಕಡಿಮೆ ಸಾಕು. ಮೇಲಿನ ಮಣ್ಣು ಒಣಗಿದ ಮೇಲೆ ಹಾಕಿ. ಹೆಚ್ಚಾದರೆ ಬೇರು ಕೊಳೆಯುತ್ತದೆ.

3. ನೆಲದಲ್ಲಿರುವ ಗಿಡಕ್ಕೆ ಹಗಲೇ ನೀರು ಹಾಕಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿಯುತ್ತದೆ. ಮಧ್ಯಾಹ್ನದ ಒಳಗೆ ಬುಡಕ್ಕೆ ಹಾಕಿ. ಸಂಜೆ ಎಲೆಯ ಮೇಲೆ ನೀರು ಬೇಡ.

4. ಹೊತ್ತು ಮುಳುಗುವ ಮೊದಲೇ ಮುಚ್ಚಿ. ಹಳೆ ಸೀರೆ, ಕಂಬಳಿ, ಗೋಣಿಚೀಲ, ಬುಟ್ಟಿ ಯಾವುದಾದರೂ ಆಗುತ್ತದೆ. ಗಿಡದ ಸುತ್ತ ನಾಲ್ಕು ಕೋಲು ನೆಡಿ. ಮೇಲೆ ಬಟ್ಟೆ ಹಾಕಿ. ಬಟ್ಟೆ ನೆಲದವರೆಗೆ ಬರಲಿ. ಅಂಚಿಗೆ ಕಲ್ಲು ಇಡಿ. ಬರೀ ತಲೆಯ ಮೇಲೆ ಹೊದಿಸಿ ಬುಡ ಬಿಟ್ಟರೆ ನೆಲದ ಬಿಸಿ ಪಕ್ಕದಿಂದ ಹೋಗಿಬಿಡುತ್ತದೆ. ರಾತ್ರಿ ಹತ್ತಕ್ಕೆ ಮುಚ್ಚಿದರೆ ಉಪಯೋಗ ಕಡಿಮೆ. ಆಗಲೇ ಬಹಳ ಬಿಸಿ ಹೋಗಿರುತ್ತದೆ.

5. ಪ್ಲಾಸ್ಟಿಕ್ ಎಲೆಗೆ ತಾಗಬಾರದು. ತಾಗಿದ ಎಲೆ ಹಿಮಕ್ಕೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಹಾಕುವುದಾದರೆ ಕೋಲಿನ ಮೇಲೆ ಹಾಕಿ.

6. ಬೆಳಗ್ಗೆ ಹೊದಿಕೆ ತೆಗೆಯಿರಿ. ಹಿಮ ಕರಗಿದ ಮೇಲೆ, ಎಂಟು ಒಂಬತ್ತು ಗಂಟೆಗೆ ತೆಗೆದರೆ ಸರಿ. ನೆಲ ಮತ್ತೆ ಬಿಸಿಲು ಕುಡಿಯಬೇಕು. ಇಲ್ಲದಿದ್ದರೆ ಮಾರನೇ ರಾತ್ರಿಗೆ ಬಿಸಿ ಎಲ್ಲಿಂದ ಬರಬೇಕು?

7. ಬುಡಕ್ಕೆ ತರಗೆಲೆ ಹಾಕಿ. ಡೇಲಿಯಾದ ಮೇಲ್ಭಾಗ ಹಿಮಕ್ಕೆ ಕಪ್ಪಾದರೂ ಮಣ್ಣಿನೊಳಗಿನ ಗೆಡ್ಡೆ ಬದುಕಿರುತ್ತದೆ. ಒಂದು ಗೇಣು ಬಿಟ್ಟು ಮೇಲಿನದನ್ನು ಕತ್ತರಿಸಿ. ಗೆಡ್ಡೆ ಅಗೆದು, ನೆರಳಲ್ಲಿ ಒಣಗಿಸಿ, ಒಣ ಮರಳಿನಲ್ಲಿ ಇಡಿ. ಅಗೆಯಲು ಆಗದಿದ್ದರೆ ಮೇಲೆ ದಪ್ಪವಾಗಿ ತರಗೆಲೆ ಹರಡಿ.

ಏನು ಮಾಡಬಾರದು?

ಹಿಮ ಹಿಡಿದ ಗಿಡಕ್ಕೆ ಬಿಸಿ ನೀರು ಹಾಕಬೇಡಿ. ಗಿಡ ಬೆಂದೇ ಹೋಗುತ್ತದೆ. ಬೇಕಾದರೆ ಬಿಸಿಲು ಬೀಳುವ ಮುಂಚೆ ತಣ್ಣೀರು ಚಿಮುಕಿಸಿ. ಹಿಮ ನಿಧಾನವಾಗಿ ಕರಗುತ್ತದೆ.

ಅಕ್ಟೋಬರ್ ಆದ ಮೇಲೆ ಯೂರಿಯಾ ಹಾಕಬೇಡಿ. ಎಳೆ ಚಿಗುರು ಬರುತ್ತದೆ. ಎಳೆ ಚಿಗುರಿಗೇ ಹಿಮದ ಪೆಟ್ಟು ಮೊದಲು.

ಡೇಲಿಯಾದ ಮಾತು ಬೇರೆ. ಜೆರೇನಿಯಂ, ಫ್ಯೂಷಿಯಾದಂಥ ಗಿಡದ ಕಪ್ಪಾದ ಕೊಂಬೆಯನ್ನು ಕೂಡಲೇ ಕತ್ತರಿಸಬೇಡಿ. ಮುಂದಿನ ಹಿಮಕ್ಕೆ ಅದೇ ಹೊದಿಕೆ. ಮಾರ್ಚ್‌ನಲ್ಲಿ ಚಿಗುರು ಎಲ್ಲಿ ಬಂತು ಅಂತ ನೋಡಿ, ಅದರ ಮೇಲಿನದನ್ನು ಕತ್ತರಿಸಿ.

ಎಲ್ಲಕ್ಕಿಂತ ಮುಖ್ಯವಾದ ಮಾತು. ಗಿಡ ಬೆಚ್ಚಗಿರಲಿ ಅಂತ ಮುಚ್ಚಿದ ಕೋಣೆಯಲ್ಲಿ, ಶೆಡ್ಡಿನಲ್ಲಿ ಇದ್ದಿಲು ಕೆಂಡ ಇಟ್ಟು ಮಲಗಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗಿಡ ಹೋದರೆ ಇನ್ನೊಂದು ನೆಡಬಹುದು. ಮನೆಯವರ ಪ್ರಾಣ ಹೋದರೆ ತರುವುದು ಎಲ್ಲಿಂದ?

ಮಾಡಿ ನೋಡಿ

ಒಂದೇ ತರಹದ ಮೂರು ತಟ್ಟೆ ತೆಗೆದುಕೊಳ್ಳಿ. ಮೂರರಲ್ಲೂ ಸಮನಾಗಿ ಸ್ವಲ್ಪ ನೀರು ಹಾಕಿ. ಒಂದನ್ನು ತಗ್ಗಿನಲ್ಲಿ, ಒಂದನ್ನು ಅಂಗಳದ ನಡುವೆ, ಒಂದನ್ನು ಸೂರಿನ ಕೆಳಗೆ ಇಡಿ. ಬೆಳಗ್ಗೆ ನೋಡಿ. ಯಾವ ತಟ್ಟೆಯ ನೀರು ಗಟ್ಟಿಯಾಗಿದೆಯೋ ಆ ಜಾಗ ಹೆಚ್ಚು ತಣ್ಣಗಿರುತ್ತದೆ. ಅಲ್ಲಿ ಮೆತ್ತನೆ ಗಿಡ ಇಡಬೇಡಿ. ತಗ್ಗಿನ ಕಡೆ ಕಾಂಪೌಂಡ್ ಗೋಡೆ ಇದ್ದರೆ ತಣ್ಣನೆ ಗಾಳಿ ಅಲ್ಲೇ ನಿಲ್ಲುತ್ತದೆ. ಅದು ಹೊರಗೆ ಹೋಗಲು ಸ್ವಲ್ಪ ದಾರಿ ಬಿಡಿ.

ನೋಡಿದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ:

ತಾರೀಖು: ........
ಸಂಜೆ ಮೋಡ ಇತ್ತೇ?: ........
ಗಾಳಿ ಇತ್ತೇ?: ........
ಯಾವ ತಟ್ಟೆ ಗಟ್ಟಿಯಾಯಿತು?: ........

ಹತ್ತು ದಿನ ಬರೆದರೆ ಹಿಮ ಯಾವಾಗ ಬರುತ್ತದೆ ಅಂತ ನೀವೇ ಹೇಳಬಲ್ಲಿರಿ. ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ನೀವು ಬರೆದದ್ದೇ ನಿಮಗೆ ದಾರಿ ತೋರಿಸುತ್ತದೆ.

ಹೊಸ ಪದಗಳು

ಹಿಮ: ಹೆಪ್ಪುಗಟ್ಟಿ ಬೆಳ್ಳಗೆ ಕೂತ ತೇವ
ತರಗೆಲೆ: ಉದುರಿ ಒಣಗಿದ ಎಲೆ
ಗೆಡ್ಡೆ: ಮಣ್ಣಿನೊಳಗೆ ದಪ್ಪಗಾಗಿ ಬೆಳೆಯುವ ಭಾಗ
ಸೂರು: ಮನೆಯ ಮಾಡಿನ ಹೊರ ಅಂಚು
ಹೊದಿಕೆ: ಮೇಲೆ ಮುಚ್ಚುವ ಬಟ್ಟೆ

ಅಭ್ಯಾಸ

ಅ) ಸರಿಯೋ ತಪ್ಪೋ ಬರೆಯಿರಿ.
1. ಮೋಡ ಇರುವ ರಾತ್ರಿ ಹಿಮ ಹೆಚ್ಚು. ( )
2. ಹೊದಿಕೆ ನೆಲದವರೆಗೆ ಬರಬೇಕು. ( )
3. ಕಪ್ಪಾದ ಗಿಡವನ್ನು ಕೂಡಲೇ ಕೀಳಬೇಕು. ( )

ಆ) ಬಿಟ್ಟ ಜಾಗ ತುಂಬಿರಿ.
1. ತಣ್ಣನೆಯ ಗಾಳಿ ........ ಕಡೆಗೆ ಹರಿಯುತ್ತದೆ.
2. ಡೇಲಿಯಾದ ........ ಒಣ ಮರಳಿನಲ್ಲಿ ಇಡಬೇಕು.

ಇ) ಲೆಕ್ಕ ಮಾಡಿ.
ಅಕ್ಕನ ಹತ್ತಿರ 40 ಕುಂಡ ಇದ್ದವು. ಕೊನೆಗೆ 19 ಉಳಿದವು. ಒಂದು ಕುಂಡಕ್ಕೆ 50 ರೂಪಾಯಿ ಎಂದು ಇಟ್ಟುಕೊಳ್ಳಿ. ಅವಳಿಗೆ ಎಷ್ಟು ರೂಪಾಯಿ ನಷ್ಟ? ಹೊದಿಸಲು ಅವಳ ಪೆಟ್ಟಿಗೆಯಲ್ಲಿ ಹಳೆ ಸೀರೆಗಳು ಇದ್ದವು. ಅದಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಈ) ಮಾತಾಡಿ.
ನಿಮ್ಮ ಹಟ್ಟಿಯಲ್ಲಿ ಹಿಮ ಹೆಚ್ಚು ಬರುವ ಜಾಗ ಯಾವುದು? ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ನಾಲ್ಕು ಸಾಲು ಬರೆದು, ಮುಂದಿನ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ.