ವಿಮಾನ ಕಟ್ಟಿದವರ ಕಸುಬುಗಳು

ಜೊಯಿಡಾ ತಾಲ್ಲೂಕಿನ ಕಾಡುಗಳಲ್ಲಿ ಬೆಳಗಿನ ಹೊತ್ತು ನಡೆದಾಡಿದವರಿಗೆ ದೊಡ್ಡ ಮಂಗಟ್ಟೆಯ ಪರಿಚಯವು ಕಣ್ಣಿಗಿಂತ ಮೊದಲು ಕಿವಿಗೆ ಆಗುತ್ತದೆ. ಮರಗಳ ಮೇಲಿನಿಂದ ಉಗಿಬಂಡಿಯು ಉಸಿರು ಬಿಟ್ಟಂತೆ ಸದ್ದು ಕೇಳಿಬರುವುದು. ಈ ಹಕ್ಕಿಯ ದೊಡ್ಡ ಗರಿಗಳ ಬುಡವನ್ನು ರೆಕ್ಕೆಯ ಕೆಳಗಡೆ ಮುಚ್ಚಬೇಕಾದ ಸಣ್ಣ ಗರಿಗಳು ಸಾಲದಾದ್ದರಿಂದ, ಪ್ರತಿಯೊಂದು ಬಡಿತದಲ್ಲಿಯೂ ಗಾಳಿಯು ಸಂದುಗಳಿಂದ ನುಗ್ಗಿ ಸದ್ದು ಮಾಡುತ್ತದೆ. ಮೂರು ಕಿಲೋಗ್ರಾಮಿನಷ್ಟು ತೂಗುವ ಪ್ರಾಣಿಯನ್ನು ಆಕಾಶದಲ್ಲಿ ಎತ್ತಿ ಹಿಡಿಯಬೇಕಾದರೆ ಎಷ್ಟು ಗಾಳಿಯನ್ನು ಕೆಳಕ್ಕೆ ತಳ್ಳಬೇಕೆಂಬುದನ್ನು ಆ ಸದ್ದು ಸಾರುವಂತಿದೆ. ಅದನ್ನು ಕೇಳಿ, ತಾನೂ ಒಂದು ಹಾರುವ ಯಂತ್ರವನ್ನು ಕಟ್ಟಬೇಕೆಂಬ ಆಸೆ ಹುಟ್ಟಿದ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಆಸೆಯ ಬೆನ್ನಿಗೇ ಒಂದು ಸಂದೇಹವೂ ಬರುವುದು. ಬಡಗಿಯ ಮಗನೋ, ರೈತನ ಮಗಳೋ, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿಯುವವನೋ ವಿಮಾನದ ಗೊಡವೆಗೆ ಹೋಗುವುದುಂಟೆ? ಅದು ಅದಕ್ಕಾಗಿಯೇ ಓದಿದವರ ಕೆಲಸವಲ್ಲವೆ?

ವಿಮಾನದ ಇತಿಹಾಸವನ್ನು ತೆರೆದು ನೋಡಿದರೆ ಉತ್ತರವು ಬೇರೆಯಾಗಿ ಕಾಣುತ್ತದೆ. ಮೊದಲ ವಿಮಾನಗಳನ್ನು ಕಟ್ಟಿದವರಲ್ಲಿ ಬಹುಮಂದಿ ಹೊಟ್ಟೆಪಾಡಿಗೆ ಬೇರೊಂದು ಕಸುಬನ್ನು ನಡೆಸುತ್ತಿದ್ದರು. ಆ ಕಸುಬು ಅವರಿಗೆ ಹಣವನ್ನು ಒದಗಿಸಿದ್ದಷ್ಟೇ ಅಲ್ಲ. ಅದರ ಉಪಕರಣಗಳೂ ಅಭ್ಯಾಸಗಳೂ ವಿಮಾನದ ಒಡಲೊಳಕ್ಕೆ ಇಳಿದುಬಂದವು. ಕಸುಬು ಕಲಿಸದೆ ಬಿಟ್ಟದ್ದನ್ನು ಗಾಳಿಯೇ ಕಲಿಸಿತು, ಕೆಲವು ವೇಳೆ ಪ್ರಾಣವನ್ನೇ ಶುಲ್ಕವಾಗಿ ತೆಗೆದುಕೊಂಡು. ಈ ಎರಡನ್ನೂ ನಾವು ಇಲ್ಲಿ ವಿಚಾರಿಸೋಣ.

ಮೊದಲು ನಮ್ಮ ನಾಡಿನವರನ್ನೇ ನೆನೆಯುವುದು ಉಚಿತ. ೧೮೭೯ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ವಿ. ಸೆಟ್ಟಿಯವರು ರೂರ್ಕಿಯ ಥಾಮ್ಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಹಿಡಿದವರು. ವಿದ್ಯುತ್ ಎಂಜಿನಿಯರಿಂಗನ್ನು ಕಲಿಯಲೆಂದು ಲಂಡನ್ನಿನ ಫ್ಯಾರಡೆ ಹೌಸಿಗೆ ಹೋದವರು, ಅಲ್ಲಿಂದ ಎ. ವಿ. ರೋ ಎಂಬಾತನ ವಿಮಾನದ ಕಾರ್ಖಾನೆಯನ್ನು ಸೇರಿ, ವಿಮಾನಗಳ ರಚನೆಯಲ್ಲಿ ಕೈಜೋಡಿಸಿದರು. ೧೯೧೨ರಲ್ಲಿ ತಾವೇ ವಿಮಾನವನ್ನು ನಡೆಸಿದರು. ವಿಮಾನ ನಡೆಸಿದ ಮೊದಮೊದಲ ಭಾರತೀಯರಲ್ಲಿ ಅವರ ಹೆಸರು ಬರುತ್ತದೆ. ಆದರೆ ಅಂದಿನ ಮೈಸೂರಿನಲ್ಲಿ ವಿಮಾನ ಕಟ್ಟುವವನಿಗೆ ಸಂಬಳ ಕೊಡುವವರು ಯಾರಿದ್ದರು? ಸೆಟ್ಟಿಯವರು ನಾಡಿಗೆ ಮರಳಿ ಎಂಜಿನಿಯರಿಂಗ್ ಅಧ್ಯಾಪಕರಾದರು. ೧೯೧೮ರ ಇನ್‌ಫ್ಲುಯೆಂಜಾ ಮಾರಿಯು ಅವರನ್ನು ನಲವತ್ತು ತುಂಬುವ ಮೊದಲೇ ಕೊಂಡೊಯ್ದಿತು. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಎದ್ದದ್ದು ೧೯೪೦ರಲ್ಲಿ. ಆ ವೇಳೆಗೆ ಅವರು ಬದುಕಿದ್ದರೆ ಅರುವತ್ತೊಂದು ವರ್ಷದವರಾಗಿರುತ್ತಿದ್ದರು.

ಸೆಟ್ಟಿಯವರಿಗೆ ಕೆಲಸ ಕೊಟ್ಟ ರೋ ಕೂಡ ಹುಟ್ಟು ವಿಮಾನಗಾರನಲ್ಲ. ರೈಲ್ವೆ ಕಾರ್ಖಾನೆಯಲ್ಲಿ ಕೈಕೆಲಸವನ್ನು ಕಲಿತು, ಹಡಗುಗಳಲ್ಲಿ ಎಂಜಿನಿಯರನಾಗಿ ದುಡಿಯುತ್ತಿದ್ದಾಗ, ಹಡಗಿನ ಹಿಂದೆ ರೆಕ್ಕೆ ಬಡಿಯದೆ ತೇಲಿಬರುತ್ತಿದ್ದ ಆಲ್ಬಟ್ರಾಸ್ ಹಕ್ಕಿಗಳನ್ನು ನೋಡಿ ಈ ಹುಚ್ಚನ್ನು ಹತ್ತಿಸಿಕೊಂಡವನು. ೧೯೦೯ರಲ್ಲಿ ಅವನ ಮೂರಂತಸ್ತಿನ ರೆಕ್ಕೆಯ ವಿಮಾನವು ಕೇವಲ ೯ ಅಶ್ವಶಕ್ತಿಯ ಮೋಟಾರ್ ಸೈಕಲ್ ಎಂಜಿನ್ನಿನಿಂದ ನೆಲ ಬಿಟ್ಟಿತು. ರೆಕ್ಕೆಗೆ ಹೊದಿಸಿದ್ದು ಬಟ್ಟೆಯ ಬೆಂಬಲವಿದ್ದ ಕಾಗದ! ಹಣ ಬಂದದ್ದು ತಮ್ಮನ ಕಾರ್ಖಾನೆಯಿಂದ. ಅಲ್ಲಿ ತಯಾರಾಗುತ್ತಿದ್ದುದು ಷರಾಯಿ ಜಾರದಂತೆ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಮ್ಯಾಂಚೆಸ್ಟರಿನಲ್ಲಿದ್ದ ಆ ಕಾರ್ಖಾನೆಯ ಕಟ್ಟಡದಲ್ಲಿಯೇ ರೋನ ಮೊದಲ ವಿಮಾನಶಾಲೆಯೂ ನಡೆಯಿತು.

ಇನ್ನು ಕಸುಬಿನ ಗುರುತು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ರೈಟ್ ಸಹೋದರರಲ್ಲಿ. ಇವರು ಸೈಕಲ್ಲುಗಳನ್ನು ಮಾಡಿ ಮಾರುವವರು, ರಿಪೇರಿ ಮಾಡುವವರು. ಸೈಕಲ್ ವ್ಯಾಪಾರವು ಬೇಸಗೆಯಲ್ಲಿ ಏರಿ ಚಳಿಗಾಲಕ್ಕೆ ಇಳಿಯುವುದರಿಂದ, ಕಿಟಿ ಹಾಕಿನ ಮರಳುಗುಡ್ಡಗಳಿಗೆ ಹೋಗಿ ಹಾರಾಡಲು ಅವರಿಗೆ ಬಿಡುವು ಸಿಗುತ್ತಿತ್ತು. ಇದಕ್ಕಿಂತ ಮುಖ್ಯವಾದ ಲಾಭ ಬೇರೊಂದಿದೆ. ಅಂದಿನ ಬಹುಮಂದಿ ಪ್ರಯೋಗಶೀಲರು, ವಿಮಾನವು ಹಡಗಿನಂತೆ ತಾನಾಗಿಯೇ ನೆಟ್ಟಗೆ ನಿಲ್ಲಬೇಕೆಂದು ಬಯಸಿದ್ದರು. ಸೈಕಲ್ಲಾದರೋ ತಾನಾಗಿ ನಿಲ್ಲುವುದಿಲ್ಲ. ಸವಾರನು ಕ್ಷಣಕ್ಷಣವೂ ಅದನ್ನು ಸಮತೂಗಿಸುತ್ತಿರಬೇಕು, ತಿರುವಿನಲ್ಲಿ ಒಳಕ್ಕೆ ವಾಲಿಸಬೇಕು. ವಿಮಾನವೂ ವಾಲಿಯೇ ತಿರುಗಬೇಕು, ವಾಲಿಸುವ ಅಧಿಕಾರವು ಚಾಲಕನ ಕೈಯಲ್ಲಿರಬೇಕು ಎಂದು ರೈಟರು ಕಂಡುಕೊಂಡದ್ದು ಸೈಕಲ್ ಬಲ್ಲವರಿಗೆ ಸಹಜವಾದ ಯೋಚನೆ.

ಅವರು ಅಳತೆಗೆ ಇಳಿದ ಬಗೆಯಂತೂ ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಅವರ ೧೯೦೧ರ ಗ್ಲೈಡರ್, ಲೆಕ್ಕದ ಪ್ರಕಾರ ಸಿಗಬೇಕಾಗಿದ್ದ ಎತ್ತುಬಲವನ್ನು ಕೊಡಲಿಲ್ಲ. ಲೆಕ್ಕ ತಪ್ಪೋ, ಕೋಷ್ಟಕ ತಪ್ಪೋ? ಸಂದೇಹ ಪರಿಹಾರಕ್ಕಾಗಿ ಅವರು ಸೈಕಲ್ಲಿನ ಮುಂದೆ ಒಂದು ಚಕ್ರವನ್ನು ಅಡ್ಡಲಾಗಿ ಮಲಗಿಸಿ, ಅದರ ಅಂಚಿಗೆ ಒಂದು ಪುಟ್ಟ ರೆಕ್ಕೆಯನ್ನೂ ಒಂದು ಚಪ್ಪಟೆ ತಗಡನ್ನೂ ಕಟ್ಟಿ, ವೇಗವಾಗಿ ತುಳಿದರು. ಎರಡರ ಬಲವೂ ಸರಿತೂಗಿದರೆ ಚಕ್ರ ನಿಲ್ಲುವುದು, ಇಲ್ಲವಾದರೆ ತಿರುಗುವುದು. ಆಮೇಲೆ ಸುಮಾರು ಆರಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಪಂಖದಿಂದ ಗಾಳಿ ಹಾಯಿಸಿ, ನೂರಕ್ಕೂ ಮಿಕ್ಕ ರೆಕ್ಕೆಯ ಆಕಾರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅದರೊಳಗಿನ ತಕ್ಕಡಿಯನ್ನು ಮಾಡಿದ್ದು ಸೈಕಲ್ಲಿನ ಕಡ್ಡಿಯ ತಂತಿ ಮತ್ತು ಸವೆದ ಗರಗಸದ ಅಲಗುಗಳಿಂದ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸಾಮಾನಿನಿಂದಲೇ, ಒಂದು ಶತಮಾನಕ್ಕೂ ಹೆಚ್ಚು ಕಾಲ ಎಲ್ಲರೂ ನಂಬಿಕೊಂಡು ಬಂದಿದ್ದ ಗಾಳಿಯೊತ್ತಡದ ಗುಣಾಂಕವು ನಿಜಬೆಲೆಗಿಂತ ಬಹಳ ಹೆಚ್ಚೆಂಬುದನ್ನು ಅವರು ತೋರಿಸಿದರು. ೧೯೦೩ನೆಯ ಡಿಸೆಂಬರ್ ೧೭ರ ಹನ್ನೆರಡು ಸೆಕೆಂಡುಗಳ ಹಾರಾಟಕ್ಕಿಂತ ಈ ಪೆಟ್ಟಿಗೆಯೇ ದೊಡ್ಡ ಸಾಧನೆಯೆಂದು ನಾವು ಎಣಿಸುತ್ತೇವೆ.

ಹೀಗಿರಲು, ಜೊಯಿಡಾದ ಬಡಗಿಗೆ ವಿಮಾನದ ಬಗ್ಗೆ ಏನು ಗೊತ್ತಿದೆ ಎಂದು ಕೇಳಿ ನೋಡೋಣ. ಮಾಡಿನ ತೊಲೆಯನ್ನು ಮಲಗಿಸಿ ಇಡಬಾರದು, ಎತ್ತರವು ಹೆಚ್ಚಾಗುವಂತೆ ನಿಲ್ಲಿಸಿ ಇಡಬೇಕು ಎಂಬುದು ಅವನಿಗೆ ಗೊತ್ತು. ತೊಲೆಯ ಬಿಗಿತವು ಅದರ ಎತ್ತರದ ಘನಕ್ಕೆ ಅನುಪಾತದಲ್ಲಿರುತ್ತದೆ; ಎತ್ತರ ಇಮ್ಮಡಿಯಾದರೆ ಬಿಗಿತ ಎಂಟು ಮಡಿ. ವಿಮಾನದ ರೆಕ್ಕೆಯ ಒಳಗಿನ ತೊಲೆಗೂ ಇದೇ ನಿಯಮ. ಈಗ ಒಂದು ವಿಚಿತ್ರವನ್ನು ನೋಡಿ. ನಮ್ಮ ಕಾಡಿನ ಸಾಗುವಾನಿ ಒಂದು ಘನಮೀಟರಿಗೆ ಸುಮಾರು ೬೫೦ ಕಿಲೋಗ್ರಾಂ ತೂಗುತ್ತದೆ. ಹಳೆಯ ವಿಮಾನಗಳಿಗೆ ಬಳಸುತ್ತಿದ್ದ ಸ್ಪ್ರೂಸ್ ಎಂಬ ಶೀತದೇಶದ ಮರ ೪೩೦ರಷ್ಟು. ತುಂಡಿಗೆ ತುಂಡು ಹೋಲಿಸಿದರೆ ಸಾಗುವಾನಿಯೇ ಗಟ್ಟಿ. ಆದರೆ ಎರಡು ತೊಲೆಗಳಿಗೂ ಒಂದೇ ತೂಕ, ಒಂದೇ ಅಗಲ, ಒಂದೇ ಉದ್ದ ಇರಲಿ. ಆಗ ಹಗುರವಾದ ಮರದ ತೊಲೆ ಒಂದೂವರೆ ಪಟ್ಟು ಎತ್ತರವಾಗುವುದು. ಒಂದೂವರೆಯ ಘನ ೩.೪. ಸ್ಪ್ರೂಸಿನ ಸ್ವಭಾವಸಿದ್ಧ ಬಿಗಿತವು ಸ್ವಲ್ಪ ಕಡಮೆಯೆಂಬುದನ್ನು ಕಳೆದರೂ ಸುಮಾರು ಮೂರು ಪಟ್ಟು ಬಿಗಿಯಾದ ತೊಲೆ ಸಿಕ್ಕಿತು. ಬಾಗಿಲಿಗೆ ಹೆಸರಾದ ಮರ ರೆಕ್ಕೆಗೆ ಒದಗದಿರುವುದು ಹೀಗೆ. ಬಡಗಿಯ ಕೈಯ ಜಾಣ್ಮೆ ಇಲ್ಲಿ ಪೂರ್ತಿ ಬೇಕು. ಆದರೆ ಅದಕ್ಕೆ ಈ ಒಂದು ಗುಣಾಕಾರವೂ ಸೇರಬೇಕು.

ಇನ್ನೊಂದು ಲೆಕ್ಕ. ರೆಕ್ಕೆಯ ಎತ್ತುಬಲ = ½ × ಗಾಳಿಯ ಸಾಂದ್ರತೆ × ವೇಗದ ವರ್ಗ × ರೆಕ್ಕೆಯ ವಿಸ್ತೀರ್ಣ × ಆಕಾರದ ಗುಣಾಂಕ. ಚಾಲಕನೂ ಸೇರಿ ೩೦೦ ಕಿಲೋಗ್ರಾಂ ತೂಗುವ ಪುಟ್ಟ ವಿಮಾನ, ೧೦ ಚದರ ಮೀಟರ್ ರೆಕ್ಕೆ, ಗುಣಾಂಕ ಹೆಚ್ಚೆಂದರೆ ೧.೪, ಸಾಂದ್ರತೆ ೧.೨ ಎಂದಿಟ್ಟುಕೊಳ್ಳೋಣ. ಭಾರ ೨,೯೪೦ ನ್ಯೂಟನ್. ಲೆಕ್ಕ ಮಾಡಿದರೆ ವೇಗ ಸೆಕೆಂಡಿಗೆ ೧೮.೭ ಮೀಟರ್, ಅಂದರೆ ಗಂಟೆಗೆ ೬೭ ಕಿಲೋಮೀಟರ್. ಇದಕ್ಕಿಂತ ನಿಧಾನವಾದರೆ ವಿಮಾನ ತನ್ನ ಭಾರವನ್ನು ತಾನು ಹೊರಲಾರದು. ಇನ್ನು ಎಂಜಿನ್ನು. ಎತ್ತುಬಲವು ಗಾಳಿಯ ಪ್ರತಿರೋಧದ ಎಂಟರಷ್ಟಿದ್ದರೆ ಪ್ರತಿರೋಧ ಸುಮಾರು ೩೬೭ ನ್ಯೂಟನ್. ಸೆಕೆಂಡಿಗೆ ೨೫ ಮೀಟರ್ ವೇಗದಲ್ಲಿ ಸಾಗಲು ೧೨ ಅಶ್ವಶಕ್ತಿ ಸಾಕು. ಪ್ರೊಪೆಲರಿನಲ್ಲಿ ಹತ್ತರಲ್ಲಿ ಮೂರು ಪಾಲು ನಷ್ಟವಾಗುವುದೆಂದರೆ ೧೮. ಮೋಟಾರ್ ಸೈಕಲ್ ಎಂಜಿನ್ ಸಾಕಾಯಿತಲ್ಲ ಎಂದು ಓದುಗರು ಹಿಗ್ಗುವರೇನೋ! ತಾಳಿ. ಇದು ಸಮಮಟ್ಟದಲ್ಲಿ ಸಾಗುವುದಕ್ಕೆ ಮಾತ್ರ. ಸೆಕೆಂಡಿಗೆ ಎರಡು ಮೀಟರಿನಂತೆ ಮೇಲೇರಲು ಇನ್ನೂ ೧೧ ಅಶ್ವಶಕ್ತಿ ಬೇಕು. ಓಟದ ಬಯಲಿನ ಕೊನೆಯಲ್ಲಿ ಜೊಯಿಡಾದ ಮತ್ತಿ, ನಂದಿ ಮರಗಳು ನಿಂತಿದ್ದರೆ ಈ ಹನ್ನೊಂದು ಬಹಳ ದೊಡ್ಡ ಸಂಖ್ಯೆ.

ಕಸುಬಿನ ಜಾಣ್ಮೆ ಒಂದೇ ಸಾಲದೆಂಬುದಕ್ಕೆ ಕಹಿಯಾದ ನಿದರ್ಶನಗಳಿವೆ. ಜರ್ಮನಿಯ ಆಟೊ ಲಿಲಿಯೆಂತಾಲನು ಬರ್ಲಿನ್ನಿನಲ್ಲಿ ಉಗಿಪಾತ್ರೆಗಳ ಕಾರ್ಖಾನೆಯ ಒಡೆಯ. ಆ ಆದಾಯದಿಂದ ಮಣ್ಣಿನ ಗುಡ್ಡವನ್ನೇ ಕಟ್ಟಿಸಿಕೊಂಡು, ಸುಮಾರು ಎರಡು ಸಾವಿರ ಬಾರಿ ಗ್ಲೈಡರಿನಲ್ಲಿ ಜಾರಿ ಹಾರಿದನು. ಅವನ ಯಂತ್ರದಲ್ಲಿ ಚಾಲಕನು ತನ್ನ ಮೈಯನ್ನು ಅತ್ತಿತ್ತ ತೂಗಾಡಿಸಿ ಗುರುತ್ವಕೇಂದ್ರವನ್ನು ಸರಿಸುವುದೇ ನಿಯಂತ್ರಣ. ೧೮೯೬ರ ಆಗಸ್ಟಿನಲ್ಲಿ ಗಾಳಿಯ ಒಂದು ಹೊಡೆತಕ್ಕೆ ಗ್ಲೈಡರ್ ಮೂತಿ ಎತ್ತಿ ನಿಂತುಬಿಟ್ಟಾಗ ಆ ತೂಗಾಟ ಸಾಲಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಹಡಗಿನ ವಿನ್ಯಾಸದ ಸಹಾಯಕನಾಗಿದ್ದ ಪರ್ಸಿ ಪಿಲ್ಚರನು ಲಿಲಿಯೆಂತಾಲನ ಶಿಷ್ಯ. ೧೮೯೯ರಲ್ಲಿ ಅವನು ಎಂಜಿನ್ನುಳ್ಳ ಮೂರು ರೆಕ್ಕೆಯ ವಿಮಾನವನ್ನು ಸಿದ್ಧಪಡಿಸಿದ್ದನು. ಎಂಜಿನ್ನಿನ ಕ್ರ್ಯಾಂಕ್‌ದಂಡ ಮುರಿಯಿತು. ಬಂದ ಅತಿಥಿಗಳನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು, ಮಳೆಯಲ್ಲಿ ನೆನೆದ ಹಳೆಯ ಗ್ಲೈಡರಿನಲ್ಲಿ ಏರಿದನು. ಬಾಲದ ಒಂದು ಕೋಲು ಮುರಿದು, ಮೂವತ್ತೆರಡರ ಪ್ರಾಯದ ಪಿಲ್ಚರನು ತೀರಿಕೊಂಡನು. ೨೦೦೩ರಲ್ಲಿ ಅವನ ಮೂರು ರೆಕ್ಕೆಯ ವಿಮಾನದ ಮಾದರಿಯನ್ನು ಇಂಗ್ಲೆಂಡಿನಲ್ಲಿ ಕಟ್ಟಿ ಹಾರಿಸಿದಾಗ ಅದು ಒಂದು ನಿಮಿಷಕ್ಕೂ ಮಿಕ್ಕು ಹಾರಿತು. ಅತಿಥಿಗಳ ದಾಕ್ಷಿಣ್ಯ ಎಷ್ಟು ದುಬಾರಿಯಾಯಿತು!

ಇವರಿಬ್ಬರೂ ತಮ್ಮ ಪ್ರಾಣವನ್ನು ತಾವೇ ಪಣಕ್ಕಿಟ್ಟವರು. ಫ್ರಾನ್ಸಿನ ಆಂರಿ ಮಿನ್ಯೆಯ ಕಥೆಯು ಇದಕ್ಕಿಂತ ಗಂಭೀರವಾದುದು. ವಿಮಾನದ ಪಾಠವನ್ನು ತಾನೇ ಕಲಿತುಕೊಂಡ ಇವನು ೧೯೩೩ರಲ್ಲಿ 'ಆಕಾಶದ ಹೇನು' ಎಂಬರ್ಥದ ಹೆಸರುಳ್ಳ ಪುಟ್ಟ ವಿಮಾನವನ್ನು ಮಾಡಿ, ಕಟ್ಟುವ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದನು. ಮರದ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ಇದನ್ನೂ ಕಟ್ಟಬಲ್ಲನೆಂಬುದು ಅವನ ಭರವಸೆ. ಯೂರೋಪಿನ ಎಷ್ಟೋ ಮಂದಿ ದುಡಿಮೆಯಿಂದ ಮರಳಿದ ಮೇಲೆ ಮನೆಯ ಹಿತ್ತಲಲ್ಲಿ ಕಟ್ಟತೊಡಗಿದರು. ಹಾರಿದವು ಕೆಲವು, ಕೆಲವು ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ನೆಲಕ್ಕೆ ಅಪ್ಪಳಿಸಿದವು. ಆಗ ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ದೊಡ್ಡ ವಾತಸುರಂಗಗಳಲ್ಲಿ ವಿಮಾನವನ್ನೇ ನಿಲ್ಲಿಸಿ ಪರೀಕ್ಷಿಸಲಾಗಿ ಕಾರಣ ಹೊರಬಿತ್ತು. ಇದರ ಎರಡು ರೆಕ್ಕೆಗಳು ಒಂದರ ಹಿಂದೊಂದು ಬಹಳ ಹತ್ತಿರದಲ್ಲಿದ್ದವು. ಮೂತಿ ಒಂದು ಮಿತಿಗಿಂತ ಕೆಳಗಿಳಿದರೆ ನಡುವಿನ ಸಂದಿನಲ್ಲಿ ನುಗ್ಗುವ ಗಾಳಿಯು ಹಿಂದಿನ ರೆಕ್ಕೆಯ ಎತ್ತುಬಲವನ್ನು ಹೆಚ್ಚಿಸುವುದು. ಹಿಂಭಾಗ ಮೇಲೆದ್ದರೆ ಮೂತಿ ಇನ್ನೂ ಕೆಳಗಾಗುವುದು. ಗಾಬರಿಗೊಂಡ ಚಾಲಕನು ಹಿಡಿಯನ್ನು ತನ್ನತ್ತ ಎಳೆದಾಗ ಮುಂದಿನ ರೆಕ್ಕೆಯ ಹಿಂಬದಿ ಕೆಳಗಿಳಿದು ಸಂದು ಮತ್ತಷ್ಟು ಕಿರಿದಾಗಿ, ಕೇಡು ಬೆಳೆಯುತ್ತಿತ್ತು. ೧೯೩೬ರಲ್ಲಿ ಆ ವಿಮಾನಕ್ಕೆ ನಿಷೇಧ ಬಂದಿತು. ಸತ್ತವರಲ್ಲಿ ಯಾರೂ ಮೊಳೆಯನ್ನು ತಪ್ಪಾಗಿ ಹೊಡೆದವರಲ್ಲ.

ಇದೇ ಕಾಲದಲ್ಲಿ ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಹಳ್ಳಿಯ ಮೆಕ್ಯಾನಿಕನು ಫೋರ್ಡ್ ಮೋಟಾರು ಗಾಡಿಯ ಎಂಜಿನ್ನನ್ನು ಕೂಡಿಸಿ ಮಾಡಿದ ಮರದ ವಿಮಾನವನ್ನು ಇಂದಿಗೂ ಜನ ಕಟ್ಟುತ್ತಾರೆ. ೧೯೫೩ರಲ್ಲಿ ಅಲ್ಲಿ ಹವ್ಯಾಸಿಗಳ ಸಂಘವೇ ಹುಟ್ಟಿತು. ಆ ದೇಶದ ಕಾನೂನು ಇಂಥ ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಯೇ, ತನ್ನ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ, ಕಟ್ಟಿರಬೇಕೆಂದು ವಿಧಿಸುತ್ತದೆ. ಶಿಕ್ಷಣವೆಂಬ ಮಾತು ಕಾನೂನಿನಲ್ಲಿಯೇ ಬಂದಿರುವುದು ನಮಗೆ ಬಹಳ ಹಿಡಿಸಿತು. ಅಲ್ಲಿನ ಬರ್ಟ್ ರೂಟನ್ ಎಂಬಾತ ಹವ್ಯಾಸಿಗಳಿಗಾಗಿ ರಚಿಸಿದ ಲಾಂಗ್ ಈಜಿ ಎಂಬ ವಿಮಾನವನ್ನು ಆಧಾರವಾಗಿಟ್ಟುಕೊಂಡು, ೧೯೮೦ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಸಂಶೋಧನ ವಿಮಾನವನ್ನು ಕಟ್ಟಿತು. ಹವ್ಯಾಸಿಗಳ ಹಿತ್ತಲಿನಿಂದ ಸರ್ಕಾರದ ಪ್ರಯೋಗಾಲಯಕ್ಕೆ ವಿದ್ಯೆ ಹರಿದದ್ದೂ ಉಂಟು.

ನಮ್ಮ ದೇಶದಲ್ಲಿ ಮುಂಬಯಿಯ ಅಮೋಲ್ ಯಾದವ್ ಎಂಬವರು ವೃತ್ತಿಯಿಂದ ವಿಮಾನಚಾಲಕರು. ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿದರು. ೨೦೧೭ರಲ್ಲಿ ಅದಕ್ಕೆ ನೋಂದಣಿ ದೊರೆಯಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ, ಅನುಮತಿಗಳಿಲ್ಲದೆ ಮನುಷ್ಯನನ್ನು ಹೊತ್ತ ಯಾವ ವಿಮಾನವನ್ನೂ ಭಾರತದಲ್ಲಿ ಹಾರಿಸುವಂತಿಲ್ಲ. ಈ ಕಟ್ಟುಪಾಡು ಉತ್ಸಾಹಕ್ಕೆ ಅಡ್ಡಿಯೆಂದು ಗೊಣಗುವವರು ಮಿನ್ಯೆಯ ವಿಮಾನದ ಪ್ರಕರಣವನ್ನು ಮತ್ತೊಮ್ಮೆ ಓದಬೇಕು.

ಮನುಷ್ಯನನ್ನು ಹೊರದ ಪುಟ್ಟ ಗ್ಲೈಡರಿನಿಂದ ಆರಂಭಿಸುವುದಕ್ಕೆ ಮಾತ್ರ ಯಾವ ಖರ್ಚೂ ಇಲ್ಲ. ದಪ್ಪ ಕಾಗದದಿಂದಲೋ ಹಗುರವಾದ ಮರದ ಪಟ್ಟಿಯಿಂದಲೋ ಒಂದನ್ನು ಮಾಡಿ, ಗಾಳಿಯಿಲ್ಲದ ಮುಂಜಾನೆಯಲ್ಲಿ ಶಾಲೆಯ ಉಪ್ಪರಿಗೆಯ ಜಗುಲಿಯಿಂದ ಮೆಲ್ಲನೆ ಬಿಡಿ. ಬಿಟ್ಟ ಎತ್ತರ ಮೂರು ಮೀಟರ್, ನೆಲ ಮುಟ್ಟಿದ ದೂರ ಹದಿನೈದು ಮೀಟರ್ ಆದರೆ ಅನುಪಾತ ಐದು. ಸಮವೇಗದಿಂದ ಜಾರುವಾಗ ಇದೇ ಎತ್ತುಬಲಕ್ಕೂ ಪ್ರತಿರೋಧಕ್ಕೂ ಇರುವ ಅನುಪಾತ. ಮೇಲಿನ ಲೆಕ್ಕದಲ್ಲಿ ನಾವು ಎಂಟೆಂದು ಹಿಡಿದಿದ್ದ ಸಂಖ್ಯೆಯೂ ಇದೇ. ಹತ್ತು ಬಾರಿ ಬಿಟ್ಟು ಸರಾಸರಿಯನ್ನು ತೆಗೆಯಿರಿ. ಬಳಿಕ ಮೂತಿಗೆ ಒಂದು ಗುಂಡುಸೂಜಿ ಚುಚ್ಚಿ ಇನ್ನು ಹತ್ತು ಬಾರಿ, ಎರಡು ಚುಚ್ಚಿ ಮತ್ತೆ ಹತ್ತು ಬಾರಿ. ಯಾವ ತೂಕಕ್ಕೆ ಅನುಪಾತ ಅತಿ ಹೆಚ್ಚೆಂಬುದನ್ನೂ, ಯಾವ ತೂಕದಿಂದ ಮೂತಿ ಮೇಲೇಳಲಾರದೆ ಹೋಯಿತೆಂಬುದನ್ನೂ ತಾರೀಖು ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ.