ಕಡ್ಡಿಪುಡಿಯ ವಿಷಯ ಡಾಕ್ಟರಿಗೆ ಹೇಳಲೇ?

ಪ್ರಶ್ನೆ: ನನಗೆ 24 ವರ್ಷ. 31ನೇ ವಾರಕ್ಕೇ ಹೆರಿಗೆಯಾಯಿತು. ಕೂಸಿನ ತೂಕ 1 ಕೆ.ಜಿ. 400 ಗ್ರಾಂ. ಹುಟ್ಟಿದ ಕೂಡಲೇ ಉಸಿರಾಟಕ್ಕೆ ತ್ರಾಸಾಗಿ, ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕವಾದ ಎಸ್‌ಎನ್‌ಸಿಯುನಲ್ಲಿ ಇಟ್ಟು ಮೂಗಿಗೆ ಸಿಪ್ಯಾಪ್ ಹಚ್ಚಿದ್ದಾರೆ. ನಾನು ಶಾಲೆಗೆ ಹೋಗುವಾಗಿನಿಂದ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುತ್ತೇನೆ. ಹಲ್ಲುನೋವಿಗೆಂದು ಅಜ್ಜಿ ರೂಢಿ ಮಾಡಿಸಿದ್ದು. ಬಸಿರಿನಲ್ಲಿ ವಾಕರಿಕೆ ತಡೆಯಲಾಗದೆ ಇನ್ನೂ ಹೆಚ್ಚಾಯಿತು. ತಾಯಿ ಕಾರ್ಡ್ ಮಾಡಿಸುವಾಗ ತಂಬಾಕು ತಿನ್ನುತ್ತೀಯಾ ಎಂದು ಕೇಳಿದರು. ಪಕ್ಕದಲ್ಲಿ ಅತ್ತೆ ಇದ್ದರು, ಇಲ್ಲ ಅಂದುಬಿಟ್ಟೆ. ಇದರಿಂದಲೇ ಕೂಸಿಗೆ ಹೀಗಾಯಿತೇ? ಮಷಿನ್ ಹಚ್ಚಿದ ಕೂಸು ಉಳಿಯುವುದಿಲ್ಲ ಎಂದು ವಾರ್ಡಿನಲ್ಲಿ ಯಾರೋ ಅಂದರು. ನನ್ನ ಹಾಲು ಕೊಡಬಹುದೇ? ಈಗ ಡಾಕ್ಟರ ಮುಂದೆ ಹೇಳಿದರೆ ಬೈಯುವುದಿಲ್ಲವೇ?
– ಹೆಸರು ಬೇಡ, ವಿಜಯಪುರ ಜಿಲ್ಲೆ

ಉತ್ತರ: ತಂಗೀ, ನಿಮ್ಮ ಪತ್ರ ಕೈಸೇರಿದ ದಿನವೇ ನಿಮಗೆ ಉತ್ತರ ಕಳಿಸಿದ್ದೇನೆ. ಇದೇ ಸಂಕಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾರ್ಡಿನ ಹೊರಗೆ ಕೂತಿರುವ ಇನ್ನೆಷ್ಟೋ ತಾಯಂದಿರಿಗಾಗಿ ಇಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೇಳಿ, ಇವತ್ತೇ ಹೇಳಿ. ಅತ್ತೆ ಎದುರಿಗಿರಬೇಕಾಗಿಲ್ಲ. ಹಾಲು ಕೊಡಲು ಒಳಗೆ ಹೋದಾಗ ಸಿಸ್ಟರ್ ಹತ್ತಿರ, "ಡಾಕ್ಟರ ಜೊತೆ ಒಬ್ಬಳೇ ಎರಡು ಮಾತು ಆಡಬೇಕಿತ್ತು" ಎಂದರೆ ಸಾಕು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಕೊನೆಯ ಸಲ ಯಾವಾಗ ಎಂಬುದನ್ನು ಹೇಳಿ. ಬಸಿರಿನಲ್ಲಿ ನೋವಿನ ಗುಳಿಗೆ, ನಿದ್ದೆ ಗುಳಿಗೆ, ಕೆಮ್ಮಿನ ಔಷಧಿ ಏನಾದರೂ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಇದರಿಂದ ಕೂಸಿಗೆ ಏನು ಉಪಯೋಗ ಎಂದರೆ, ತಂಬಾಕಿನ ನಿಕೋಟಿನ್ ಮಾಸಿನ ಮೂಲಕ ದಾಟಿ ಮಗುವನ್ನು ಸೇರುತ್ತದೆ. ಹೆರಿಗೆಯಾದೊಡನೆ ಅದು ಬರುವುದು ನಿಂತಾಗ ಕೆಲವು ಶಿಶುಗಳು ನಡುಗುತ್ತವೆ, ಬಹಳ ಅಳುತ್ತವೆ, ನಿದ್ದೆ ಮಾಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಾಗಲೂ, ಸೋಂಕಾದಾಗಲೂ ಇಂಥದೇ ಲಕ್ಷಣ, ಯಾವುದರಿಂದ ಎಂದು ತಿಳಿಯಲು ಡಾಕ್ಟರಿಗೆ ಕಡ್ಡಿಪುಡಿಯ ವಿಷಯ ಗೊತ್ತಿರಬೇಕು. ಉಸಿರಾಟವನ್ನು ನಡೆಸುವ ಮಿದುಳಿನ ಭಾಗದ ಮೇಲೂ ನಿಕೋಟಿನ್ ಪರಿಣಾಮವಿದೆ. ಅವಧಿಗೆ ಮುಂಚೆ ಹುಟ್ಟಿದ ಮಗು ಮೊದಲೇ ನಡುನಡುವೆ ಉಸಿರು ಮರೆಯುತ್ತದೆ, ಅಂಥ ಮಗುವಿನ ಮೇಲೆ ಎಷ್ಟು ದಿನ ಕಣ್ಣಿಡಬೇಕು ಎಂದು ಡಾಕ್ಟರು ನಿರ್ಧರಿಸಲು ನಿಮ್ಮ ಮಾತು ಬೇಕು. ಬೈದರೆ ಬೈಯಲಿ ಎಂದು ನಾನು ಹೇಳುವುದಿಲ್ಲ. ಬಾಣಂತಿಯನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೆ ಬೈಗುಳದ ಹೆದರಿಕೆಗೆ ಈ ಮಾಹಿತಿ ನಿಮ್ಮಲ್ಲೇ ಉಳಿಯಬಾರದು.

ಇನ್ನು, ಇದರಿಂದಲೇ ಹೀಗಾಯಿತೇ ಎಂಬುದು. ನಿಮಗೆ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಹೆರಿಗೆಯವರೆಗೂ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೊಗೆರಹಿತ ತಂಬಾಕು ಬಳಸುತ್ತಿದ್ದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ಹೆರಿಗೆ ಸರಾಸರಿ ಆರು ದಿನ ಮುಂಚೆ ಆಗಿತ್ತು. 32 ವಾರಕ್ಕೆ ಮೊದಲೇ ಹೆರಿಗೆಯಾಗುವ ಸಂಭವ ಅವರಲ್ಲಿ ಹಲವು ಪಟ್ಟು ಹೆಚ್ಚಿತ್ತು. ಹೊಗೆ ಇಲ್ಲದಿದ್ದರೆ ತಂಬಾಕು ನಿರಪಾಯ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ಹಾಗೆಂದು ನಿಮ್ಮ ಕೂಸು ಬೇಗ ಹುಟ್ಟಿದ್ದು ಕಡ್ಡಿಪುಡಿಯಿಂದಲೇ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ರಕ್ತಹೀನತೆ, ಸೋಂಕು, ಬಿ.ಪಿ. ಹೀಗೆ ಕಾರಣಗಳು ಹತ್ತಾರು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹಲ್ಲುನೋವಿಗೆ ಡಾಕ್ಟರು ಸಿಗದ ಊರಿನಲ್ಲಿ ಅಜ್ಜಿ ಕೊಟ್ಟ ಮದ್ದು ಚಟವಾಗಿದ್ದು ನಿಮ್ಮ ಕೆಟ್ಟತನದಿಂದಲ್ಲ.

ಮಷಿನ್ ಬಗ್ಗೆ ಅಂದವರು ತಿಳಿಯದೆ ಅಂದಿದ್ದಾರೆ. ನಮ್ಮ ಶ್ವಾಸಕೋಶದ ತುದಿಯಲ್ಲಿ ಸಣ್ಣ ಗಾಳಿಗೂಡುಗಳಿವೆ. ಅವು ಉಸಿರು ಬಿಟ್ಟಾಗ ಮುಚ್ಚಿಹೋಗದಂತೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ದ್ರವ ಕಾಯುತ್ತದೆ. ಅದು ಸಾಕಷ್ಟು ತಯಾರಾಗುವುದು ಸುಮಾರು 34–35 ವಾರಕ್ಕೆ. ನಿಮ್ಮ ಕೂಸು 31ಕ್ಕೇ ಬಂದಿದೆ. ಒದ್ದೆ ಪ್ಲಾಸ್ಟಿಕ್ ಚೀಲದ ಬಾಯಿ ಅಂಟಿಕೊಂಡಾಗ ಬಿಡಿಸಲು ಎಷ್ಟು ಒದ್ದಾಡುತ್ತೇವೆ, ಆ ಪುಟ್ಟ ಎದೆ ಪ್ರತಿ ಉಸಿರಿಗೂ ಅಷ್ಟು ಒದ್ದಾಡುತ್ತದೆ. ಸಿಪ್ಯಾಪ್ ಮಾಡುವುದು ಇಷ್ಟೇ: ಮೂಗಿಗೆ ಒಂದೇ ಸಮನೆ ಹದವಾದ ಒತ್ತಡದಲ್ಲಿ ಗಾಳಿ ಕೊಟ್ಟು ಗೂಡುಗಳನ್ನು ತೆರೆದಿಡುವುದು. ಉಸಿರಾಡುವುದು ಕೂಸೇ. ತೊಟ್ಟಿಲ ಪಕ್ಕದಲ್ಲಿ ನೀರಿನ ಬಾಟಲಿಯೊಂದು ಗುಳುಗುಳು ಎನ್ನುತ್ತಿದ್ದರೆ ನೋಡಿ, ಅದು ಬಬಲ್ ಸಿಪ್ಯಾಪ್. ಕೊಳವೆಯ ತುದಿ ನೀರಿನಲ್ಲಿ ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅದೇ ಒತ್ತಡದ ಲೆಕ್ಕ. ಗುಳ್ಳೆ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ, ಸಿಸ್ಟರನ್ನು ಕರೆಯಿರಿ. ಮೂಗಿನ ಹೊಳ್ಳೆಗಳ ನಡುವಿನ ಚರ್ಮ ಕೆಂಪಾಗಿದ್ದರೂ ತೋರಿಸಿ, ನಳಿಗೆ ಒತ್ತಿ ಅಲ್ಲಿ ಹುಣ್ಣಾಗುವುದುಂಟು.

ಅಮೆರಿಕದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಈ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಉಸಿರಾಟದ ತೀವ್ರ ತೊಂದರೆಯ 20 ಶಿಶುಗಳಲ್ಲಿ 16 ಬದುಕಿದ್ದವು. ಅದಕ್ಕೆ ಎಂಟು ವರ್ಷ ಹಿಂದೆ, 1963ರಲ್ಲಿ, ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ ಎರಡು ದಿನವೂ ತುಂಬದೆ ತೀರಿಕೊಂಡಿದ್ದ. ಅಂದು ಅಂಥ ಮನೆತನಕ್ಕೂ ಸಿಗದ ಸೌಲಭ್ಯ ಇಂದು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿದೆ. ಹೆರಿಗೆಗೆ ಮುಂಚೆ ನಿಮಗೆ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಟ್ಟಿದ್ದರೇ ಎಂದು ಕೇಳಿ ತಿಳಿದುಕೊಳ್ಳಿ. ಆ ಇಂಜೆಕ್ಷನ್ ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲೂ ಶಿಶುಮರಣ ತಗ್ಗಿಸುತ್ತದೆ ಎಂದು 2020ರಲ್ಲಿ ತೋರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಪಾಲ್ಗೊಂಡಿತ್ತು.

ಹಾಲು ಖಂಡಿತ ಕೊಡಿ. ನಿಕೋಟಿನ್ ಹಾಲಿಗೂ ಬರುತ್ತದೆ, ನಿಜ. ಆದರೆ ಇಷ್ಟು ಸಣ್ಣ ಕೂಸಿಗೆ ಡಬ್ಬಿ ಹಾಲಿನಿಂದ ಕರುಳಿಗೆ ಆಗಬಹುದಾದ ಅಪಾಯ ಅದಕ್ಕಿಂತ ದೊಡ್ಡದು. ಹಗಲೂ ರಾತ್ರಿ ಎರಡು–ಮೂರು ತಾಸಿಗೊಮ್ಮೆ ಕೈಯಿಂದ ಹಿಂಡಿ ಕೊಡಿ, ಮೊದಲು ಎರಡೇ ಚಮಚ ಬಂದರೂ ಚೆಲ್ಲಬೇಡಿ. ಕಡ್ಡಿಪುಡಿಯನ್ನು ಈಗಲೇ ನಿಲ್ಲಿಸಿ. ಅಕಸ್ಮಾತ್ ಒಮ್ಮೆ ತಡೆಯಲಾಗದೆ ಹಾಕಿಕೊಂಡರೂ ಹಾಲು ನಿಲ್ಲಿಸಬೇಡಿ. ಕೂಸಿನ ಉಸಿರು ಸ್ಥಿರವಾಗುತ್ತಲೇ ಎದೆಗಪ್ಪಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಗೆ ಅವಕಾಶ ಕೇಳಿ. ಸಿಪ್ಯಾಪ್ ಇರುವಾಗಲೂ ಇದು ಸಾಧ್ಯ. 1ರಿಂದ 1.8 ಕೆ.ಜಿ. ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾದ, ದೆಹಲಿಯ ಆಸ್ಪತ್ರೆಯೂ ಸೇರಿದ್ದ ಐದು ದೇಶಗಳ ಅಧ್ಯಯನ ಹೇಳುತ್ತದೆ. ನೀವು ದಣಿದಾಗ ಗಂಡನೂ, ಅತ್ತೆಯೂ ಎದೆಗಪ್ಪಿಕೊಳ್ಳಬಹುದು.

ಚಟ ಬಿಡುವುದು ಸುಲಭವಲ್ಲ. ಮೊದಲ ವಾರ ತಲೆನೋವು, ಸಿಡುಕು, ಬಾಯಿ ಬರಿದೆನಿಸುವುದು ಜಾಸ್ತಿ, ಆಮೇಲೆ ಇಳಿಯುತ್ತದೆ. ಆಸೆ ಕೆರಳಿದ ಆ ಕೆಲವು ನಿಮಿಷ ಸೋಂಪು, ಲವಂಗ ಬಾಯಿಗೆ ಹಾಕಿಕೊಂಡು ಕಳೆಯಿರಿ. ಅಡಿಕೆಯನ್ನೂ ಬಿಡಿ, ಅದು ಕ್ಯಾನ್ಸರ್ ತರುವಂಥದ್ದು, ಕಡ್ಡಿಪುಡಿಯನ್ನು ಮತ್ತೆ ನೆನಪಿಸುವಂಥದ್ದು. 1800-11-2356 ಎಂಬ ತಂಬಾಕು ಬಿಡಿಸುವ ಸಹಾಯವಾಣಿಗೆ ಕರೆ ಉಚಿತ. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಬೀಡಿ ಸೇದುವವರಿದ್ದರೆ ಕೂಸಿರುವ ಮನೆಯೊಳಗೆ ಅದು ಬೇಡವೇ ಬೇಡ. ನಿಮಗೆ ಹೇಳಲು ಸಂಕೋಚವಾದರೆ ಡಾಕ್ಟರ ಬಾಯಿಂದಲೇ ಹೇಳಿಸಿ, ಹಿರಿಯರು ಆ ಮಾತು ಕೇಳುತ್ತಾರೆ.

ಮನೆಗೆ ಹೋದ ಮೇಲೆ ಕೂಸನ್ನು ಅಂಗಾತವೇ ಮಲಗಿಸಿ. ಶಾಂತವಾಗಿದ್ದಾಗಲೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಗೆ ಸೆಳೆಯುವುದು, ನರಳಿಕೆ, ತುಟಿ ನೀಲಿಯಾಗುವುದು, ಹಾಲು ಬಿಡುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.

ಇನ್ನೊಂದು ಕೆಲಸವನ್ನು ಗಡಿಬಿಡಿಯಲ್ಲಿ ಬಹಳ ಮನೆಯವರು ಬಿಟ್ಟುಬಿಡುತ್ತಾರೆ. 34 ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು, ಆಮ್ಲಜನಕ ಪಡೆದವರಲ್ಲಿ ಈ ಅಪಾಯ ಹೆಚ್ಚು. ಹೊರಗಿನಿಂದ ಏನೂ ಕಾಣುವುದಿಲ್ಲ. ಸಕಾಲಕ್ಕೆ ಗುರುತಿಸಿದರೆ ಲೇಸರ್‌ನಿಂದ ತಡೆಯಬಹುದು. ನಮ್ಮ ರಾಜ್ಯದಲ್ಲಿ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಡಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಪರೀಕ್ಷಿಸುತ್ತಾರೆ. ನಿಮ್ಮ ಕೂಸಿಗೆ 30 ದಿನ ತುಂಬುವುದರೊಳಗೆ ಈ ಪರೀಕ್ಷೆ ಆಗಲೇಬೇಕು. ಅದರ ತಾರೀಖನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ.